ಅಲುಗದ ಕುರ್ಚಿ

ಮಧ್ಯಾಹ್ನದ ಊಟವಾದ ಮೇಲೆ ಮೊಗೊಮೊಟ್ಸಿ ವಿಮಾನ ಹಾರಿಸಲು ಹಿಂದಿನ ಕೋಣೆಗೆ ಹೋಗುವುದು ಮನೆಯವರಿಗೆಲ್ಲ ರೂಢಿಯಾಗಿಬಿಟ್ಟಿತ್ತು. ಹೆಂಡತಿ ಕೆಲೆಬೊಗಿಲೆ ತಟ್ಟೆ ತೊಳೆಯುತ್ತ ನಿಂತಿದ್ದರೆ ಗೋಡೆಯಾಚೆಯಿಂದ ಎಂಜಿನ್ನಿನ ಸದ್ದು ಬರುತ್ತಿತ್ತು. ಸ್ಪೀಕರಿನ ಸದ್ದು ಅದು. ಮಗಳು ಒನಾಲೆನ್ನಾ ಆ ಕೋಣೆಯಲ್ಲಿ ಮೂರು ಪರದೆಗಳನ್ನು ಸಾಲಾಗಿ ನಿಲ್ಲಿಸಿದ್ದಳು. ಗುಜರಿಯಿಂದ ತಂದ ಪಿಕಪ್ಪಿನ ಸೀಟನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿ, ಹಳೆಯ ಹೊಲಿಗೆ ಯಂತ್ರದ ಪೆಡಲನ್ನು ಎರಡಾಗಿ ಕತ್ತರಿಸಿ ಅಪ್ಪನ ಕಾಲಿಗೆ ಹೊಂದಿಸಿದ್ದಳು. ಪರದೆ ಹೊತ್ತಿಕೊಂಡರೆ ಸಾಕು, ಓಕವಾಂಗೋ ನದಿಯ ಜೌಗಿನ ನೀರು, ಆಪುಹುಲ್ಲಿನ ಹಸಿರು, ತಾಳೆಮರದ ದ್ವೀಪಗಳು ಒಂದೊಂದಾಗಿ ಅವನ ಕಾಲ ಕೆಳಗೆ ಸರಿದುಹೋಗುತ್ತಿದ್ದವು.

ಹೋದ ವರ್ಷದವರೆಗೆ ಅವನು ಅದೇ ನೀರಿನ ಮೇಲೆ ನಿಜವಾಗಿ ಹಾರುತ್ತಿದ್ದವನು. ಆರು ಸೀಟಿನ ಸೆಸ್ನಾದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಮಾವುನ್ ಊರಿನಿಂದ ನೀರಿನ ನಡುವಿನ ಬಿಡಾರಗಳಿಗೆ ಹೋಗುವುದು, ಅಲ್ಲಿದ್ದವರನ್ನು ಕರೆತರುವುದು. ಒಂದು ದಿನ ವಿಮಾನ ನಿಲ್ಲಿಸಿ ಕೆಳಗಿಳಿದವನಿಗೆ ನೆಲವೇ ಮಗುಚಿಕೊಂಡಂತಾಯಿತು. ಪ್ರವಾಸಿಗರ ಮುಂದೆಯೇ ಬಿದ್ದು, ವಾಂತಿ ಮಾಡಿಕೊಂಡ. ರಾಜಧಾನಿ ಗ್ಯಾಬರೋನಿನ ವೈದ್ಯರು ಒಳಗಿವಿಯ ಕಾಯಿಲೆ ಎಂದು ಹೇಳಿ ಹಾರಾಟ ನಿಲ್ಲಿಸಿಬಿಟ್ಟರು. ಒಂದು ವರ್ಷ ತಲೆಸುತ್ತು ಬರದೆ ಇದ್ದು, ಆಮೇಲೆ ಹಿರಿಯ ಪೈಲಟ್ಟೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷಾ ಹಾರಾಟ ಮಾಡಿ, ಅವನು ಒಪ್ಪಿ ಸಹಿ ಹಾಕಿದರೆ ಮಾತ್ರ ಪರವಾನಗಿಯ ಮಾತು ಎಂದರು.

ವರ್ಷ ತುಂಬಿತ್ತು. ಪರೀಕ್ಷೆ ಶನಿವಾರ ಬೆಳಿಗ್ಗೆ ಇತ್ತು.

"ನಿಜವಾದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲಮ್ಮ," ಎಂದಳು ಒನಾಲೆನ್ನಾ, ಗುರುವಾರದ ಊಟದಲ್ಲಿ ಬೊಗೊಬೆ ಮುದ್ದೆ ಮುರಿಯುತ್ತ. "ಗಾಳಿ ಅದೇ, ತೂಕ ಅದೇ, ಪೆಟ್ರೋಲ್ ಖಾಲಿಯಾಗೋ ಲೆಕ್ಕಾನೂ ಅದೇ. ಪಪ್ಪಾ ಒಂದು ವರ್ಷದಿಂದ ಒಂದು ಸಲಾನೂ ಕೆಡವಿಲ್ಲ."

"ಕೆಡವಿದ್ರೆ ಏನ್ ಮಾಡ್ತಿದ್ರಿ?"

"ಏನ್ ಮಾಡೋದು, ಮತ್ತೆ ಮೊದಲಿಂದ ಶುರು ಮಾಡೋದು."

"ಅದೇ ನೋಡು ವ್ಯತ್ಯಾಸ," ಎಂದು ಕೆಲೆಬೊಗಿಲೆ ಮಗಳ ತಟ್ಟೆಗೆ ಇನ್ನೊಂದಿಷ್ಟು ಮಾಂಸ ಹಾಕಿದಳು. "ತಿನ್ನು. ಮಾತಲ್ಲೇ ಹೊಟ್ಟೆ ತುಂಬಿಸ್ಕೋತೀಯ."

"ಪಪ್ಪಾ ಈಗ್ಲೂ ಇಳಿಯೋಕೆ ಮುಂಚೆ ರನ್‌ವೇ ಪಟ್ಟಿ ಮೇಲೆ ಒಂದು ಸಲ ತಗ್ಗಲ್ಲಿ ಹಾರಿ ಪ್ರಾಣಿಗಳನ್ನ ಓಡಿಸ್ತಾನೆ, ಗೊತ್ತಾ? ಕಂಪ್ಯೂಟರ್ ಒಳಗೆ ಆನೆ ಎಲ್ಲಿಂದ ಬರ್ಬೇಕು?"

"ಆನೆ ಇಲ್ದಿದ್ರೂ ಓಡಿಸ್ಬೇಕು," ಎಂದ ಮೊಗೊಮೊಟ್ಸಿ. "ಕೈ ಮರೀಬಾರ್ದು."

ಕೆಲೆಬೊಗಿಲೆ ನಗಲಿಲ್ಲ. "ರ್ರಾ ಒನಾ," ಎಂದಳು. ಒನಾಳ ಅಪ್ಪ ಎಂದೇ ಅವಳು ಗಂಡನನ್ನು ಕರೆಯುವುದು. "ಆ ಕುರ್ಚಿ ಅಲುಗತ್ತಾ?"

"ಬೋಲ್ಟ್ ಹಾಕಿದೆ. ಯಾಕೆ ಅಲುಗುತ್ತೆ?"

"ಸುಮ್ನೆ ಕೇಳ್ದೆ."

ಅವಳು ಸುಮ್ಮನೆ ಏನನ್ನೂ ಕೇಳುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅವನು ಮೊದಲು ಅಂಚಿನಲ್ಲಿ ಕೂತು ಬಾಗಿಲಿನ ಚಿಲಕವನ್ನೇ ದಿಟ್ಟಿಸುತ್ತಿದ್ದ. ಚಿಲಕ ತನ್ನ ಜಾಗದಲ್ಲಿ ನಿಂತಮೇಲೆ ಏಳುತ್ತಿದ್ದ. ಯಾರಾದರೂ ಕರೆದರೆ ಕುತ್ತಿಗೆ ತಿರುಗಿಸದೆ, ಪೂರಾ ಮೈಯನ್ನೇ ತಿರುಗಿಸುತ್ತಿದ್ದ. ಇದನ್ನು ಅವನು ತಲೆಸುತ್ತು ಎಂದು ತನಗೆ ತಾನೂ ಹೇಳಿಕೊಂಡಿರಲಿಲ್ಲ. ವಯಸ್ಸು, ನಿದ್ದೆಗೆಟ್ಟಿದ್ದು, ಬಿಸಿಲು ಎಂದು ಸಮಾಧಾನ ಮಾಡಿಕೊಂಡಿದ್ದ. ವೈದ್ಯರು ಕೇಳಿದಾಗ ಒಂದು ಸಲವೂ ಬಂದಿಲ್ಲ ಎಂದಿದ್ದ. ಹಾಗೆನ್ನಲು ಅವನಿಗೆ ಧೈರ್ಯ ಕೊಟ್ಟಿದ್ದು ಹಿಂದಿನ ಕೋಣೆ. ಎಷ್ಟು ಬಿರುಗಾಳಿ ಹಾಕಿಕೊಂಡು ಹಾರಿದರೂ, ಎಷ್ಟು ಕಡಿದಾಗಿ ತಿರುಗಿದರೂ ಆ ಕುರ್ಚಿಯಲ್ಲಿ ಒಂದು ದಿನವೂ ತಲೆ ಸುತ್ತಿರಲಿಲ್ಲ. ವಾಸಿಯಾಗಿದೆ ಎನ್ನಲು ಇನ್ನೇನು ಬೇಕು?

ಶನಿವಾರ ಅವನ ಪಕ್ಕದಲ್ಲಿ ಕೂರಬೇಕಾದವನು ತಿರೋಯಾಓನೆ. ಒಂದು ಕಾಲದಲ್ಲಿ ಮೊಗೊಮೊಟ್ಸಿಯೇ ಕೈಹಿಡಿದು ಹಾರಲು ಕಲಿಸಿದ ಹುಡುಗ, ಈಗ ಕಂಪನಿಯ ಮುಖ್ಯ ಪೈಲಟ್, ಸ್ವಲ್ಪ ಹೊಟ್ಟೆಯೂ ಬಂದಿದೆ.

"ಡುಮೆಲಾ ರ್ರಾ," ಎಂದು ಹಿರಿಯರಿಗೆ ಹೇಳುವ ನಮಸ್ಕಾರ ಹೇಳಿ ಎರಡೂ ಕೈಯಲ್ಲಿ ಕೈಕುಲುಕಿದ. "ನಿಮ್ಮನ್ನ ಪರೀಕ್ಷೆ ಮಾಡೋಕೆ ನಾನಂತೆ. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ."

"ಫೇಲ್ ಮಾಡಿದ್ರೆ ನಿನ್ನ ಮೊದಲನೇ ಲ್ಯಾಂಡಿಂಗ್ ಕಥೆ ಊರಿಗೆಲ್ಲ ಹೇಳ್ತೀನಿ."

"ಅಯ್ಯೋ, ಅದು ಊರಿಗೆಲ್ಲ ಗೊತ್ತಾಗಿ ಎಷ್ಟೋ ಕಾಲ ಆಯ್ತು ಬಿಡಿ."

ಅಕ್ಟೋಬರಿನ ಕಡುಬೇಸಿಗೆಯ ಬಿಸಿಲು. ವಿಮಾನದ ಬಾಗಿಲು ತೆರೆದೊಡನೆ ಒಳಗಿನ ಕಾವು ಮುಖಕ್ಕೆ ಬಡಿಯಿತು. ಪೆಟ್ರೋಲ್, ಹಳೆಯ ರೆಕ್ಸಿನ್, ಯಾರದೋ ಸನ್‌ಕ್ರೀಮು ಎಲ್ಲ ಬೆರೆತ ವಾಸನೆ. ಇದನ್ನು ಒನಾ ಎಲ್ಲಿಂದ ತಂದಾಳು ಎಂದುಕೊಳ್ಳುತ್ತ ಮೊಗೊಮೊಟ್ಸಿ ಎಡಗಡೆಯ ಪೈಲಟ್ ಸೀಟಿನಲ್ಲಿ ಕೂತ. ಎಂಜಿನ್ ಹತ್ತಿಕೊಂಡಾಗ ನಡುಕ ಬೆನ್ನುಹುರಿಯಿಂದ ಹಲ್ಲಿನವರೆಗೆ ಏರಿತು. ಅವನ ಕಣ್ಣು ತುಂಬಿಬಂತು. ತಿರೋಯಾಓನೆ ನೋಡಿಯೂ ನೋಡದವನಂತೆ ಬಲಗಡೆಯ ಜೋಡಿ ಹಿಡಿಕೆಯ ಮುಂದೆ ಕೂತು ಸೀಟಿನ ಬೆಲ್ಟು ಸರಿಮಾಡಿಕೊಂಡ.

ಏರುವುದೇನೋ ಸಲೀಸಾಗಿ ಆಯಿತು. ಕೈ ಮರೆತಿರಲಿಲ್ಲ. ಮೇಲೆ ಹೋದಮೇಲೆ ಬಿಸಿಗಾಳಿ ಕೆಳಗಿನಿಂದ ಗುದ್ದತೊಡಗಿತು. ಕೋಣೆಯಲ್ಲಿ ಬಿರುಗಾಳಿ ಎಂದರೆ ಪರದೆಯ ಚಿತ್ರ ಅಲ್ಲಾಡುವುದು, ಅಷ್ಟೆ. ತಾನು ಕಂಬದ ಹಾಗೆ ಕೂತಿರುವುದು. ಇಲ್ಲಿ ಚಿತ್ರದ ಜೊತೆ ಅವನೂ ಅಲ್ಲಾಡುತ್ತಿದ್ದ. ಹಣೆಯ ಮೇಲೆ ಬೆವರು ಮೂಡಿತು. ಸೆಕೆ ಎಂದುಕೊಂಡ. ಸೆಕೆ ಇದ್ದದ್ದೂ ನಿಜ.

ಇಳಿಯಬೇಕಾಗಿದ್ದ ದ್ವೀಪದ ಮಣ್ಣಿನ ಪಟ್ಟಿಯ ಮೇಲೆ ಒಂದಷ್ಟು ಜಿಂಕೆಗಳೂ ಮರಿ ಕಟ್ಟಿಕೊಂಡ ಕಾಡುಹಂದಿಯೊಂದೂ ನಿಂತಿದ್ದವು. ಮೊಗೊಮೊಟ್ಸಿ ತಗ್ಗಿಗೆ ಇಳಿದು ಪಟ್ಟಿಯ ಉದ್ದಕ್ಕೂ ಅಬ್ಬರಿಸಿಕೊಂಡು ಹೋದ. ಜಿಂಕೆಗಳು ಚದುರಿದವು. ಹಂದಿ ಬಾಲ ನೆಟ್ಟಗೆ ಮಾಡಿಕೊಂಡು ಓಡಿತು. ಮೂತಿ ಮೇಲೆತ್ತಿ, ಎಡಕ್ಕೆ ವಾಲಿಸಿ, ಸುತ್ತಿಬಂದು ಇಳಿಯಬೇಕು. ವಾಲಿದಾಗ ಪಟ್ಟಿ ಎಲ್ಲಿದೆ ಎಂದು ನೋಡಲು ಅವನ ಹೆಬ್ಬೆರಳು ಹಿಡಿಕೆಯ ಮೇಲೆ ಏನನ್ನೋ ತಡಕಾಡಿತು.

ಅಲ್ಲಿ ಗುಂಡಿ ಇರಲಿಲ್ಲ.

ಮನೆಯಲ್ಲಿ ಪಕ್ಕಕ್ಕೆ ನೋಡಬೇಕೆಂದರೆ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತುವುದು. ಪರದೆ ತಾನೇ ಹೊರಳಿ ಎಡಗಡೆಯ ನೆಲವನ್ನು ಕಣ್ಣೆದುರಿಗೆ ತಂದಿಡುತ್ತಿತ್ತು. ಇಡೀ ವರ್ಷ ಅವನು ಅಷ್ಟು ಹಾರಿದ್ದ, ಒಂದೇ ಒಂದು ಸಲ ಕುತ್ತಿಗೆ ತಿರುಗಿಸಿರಲಿಲ್ಲ. ಇದು ಹೊಳೆಯುವಷ್ಟರಲ್ಲಿ ಕುತ್ತಿಗೆ ಎಡಕ್ಕೆ ತಿರುಗಿಯಾಗಿತ್ತು.

ನೆಲ ಕಿತ್ತುಕೊಂಡು ಮೇಲೆ ಬಂತು. ನೀರು, ಮರ, ಪಟ್ಟಿ ಎಲ್ಲ ಒಂದೇ ಕಡೆಗೆ ಸುರಿಯತೊಡಗಿದವು. ಮೀಟರಿನ ಮುಳ್ಳುಗಳನ್ನು ನೋಡು, ಮುಳ್ಳುಗಳು ಸುಳ್ಳು ಹೇಳುವುದಿಲ್ಲ ಎಂದು ಅವನು ಎಷ್ಟು ಜನಕ್ಕೆ ಕಲಿಸಿದ್ದನೋ. ಮುಂದಿನ ಮುಳ್ಳುಗಳತ್ತ ನೋಡಿದ. ಕಣ್ಣೇ ಒಂದು ಕಡೆ ನಿಲ್ಲದೆ ಜಾರಿ ಜಾರಿ ಹೋಗುತ್ತಿತ್ತು, ಅಂಕಿಗಳು ಓಟ ಕಿತ್ತಿದ್ದವು. ವಿಮಾನ ಬಲಕ್ಕೆ ಉರುಳುತ್ತಿದೆ ಎಂದು ಮೈಯೆಲ್ಲ ಕೂಗುತ್ತಿತ್ತು. ಅವನು ಹಿಡಿಕೆಯನ್ನು ಇನ್ನಷ್ಟು ಎಡಕ್ಕೆ ಎಳೆದ. ಹಿಡಿಕೆ ಬರಲಿಲ್ಲ. ಗಟ್ಟಿಯಾಗಿ, ಶಾಂತವಾಗಿ, ತನ್ನ ಪಾಡಿಗೆ ಬಲಕ್ಕೆ ಹೊರಳಿತು. ಎಂಜಿನ್ನಿನ ಸದ್ದು ಇಳಿಯಿತು. ಯಾವಾಗಲೋ ಗಾಲಿಗಳು ಮಣ್ಣನ್ನು ಮುಟ್ಟಿದವು.

ವಿಮಾನ ನಿಂತಮೇಲೂ ಅವನಿಗೆ ನಿಂತಂತಾಗಲಿಲ್ಲ. ಬಾಗಿಲು ತೆರೆದು ಇಳಿದು, ರೆಕ್ಕೆಯ ನೆರಳಿನಲ್ಲಿ ಗಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ತಿರೋಯಾಓನೆ ನೀರಿನ ಬಾಟಲಿ ಹಿಡಿದು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ಪಟ್ಟಿ ಚೆನ್ನಾಗೇ ಹಿಡಿದ್ರಿ ರ್ರಾ."

"ಇಳಿಸಿದ್ದು ಯಾರು?"

"ಇಬ್ರೂ ಸೇರಿ ಅಂತ ಇಟ್ಕೊಳ್ಳಿ. ಗಾಳಿ ಜಾಸ್ತಿ ಇತ್ತು."

ಪಟ್ಟಿಯ ತುದಿಯ ಕಂಬದಲ್ಲಿ ಗಾಳಿಯ ದಿಕ್ಕು, ಜೋರು ತೋರಿಸುವ ಗಾಳಿಚೀಲ ಒಗೆದು ಹಾಕಿದ ಕಾಲುಚೀಲದಂತೆ ಜೋತುಬಿದ್ದಿತ್ತು. ಇಬ್ಬರೂ ಅದನ್ನು ನೋಡಿದರು.

"ಸುಳ್ಳು ಹೇಳೋಕೂ ನಾನೇ ಕಲಿಸ್ಬೇಕಿತ್ತು ನಿಂಗೆ," ಎಂದ ಮೊಗೊಮೊಟ್ಸಿ.

ತಿರೋಯಾಓನೆ ಬಾಟಲಿಯ ಮುಚ್ಚಳ ತಿರುವುತ್ತ ತಗ್ಗಿದ ದನಿಯಲ್ಲಿ ಹೇಳಿದ. "ಕೇಳಿ. ಬೆಳಗಿನ ಹೊತ್ತಿನ ಟ್ರಿಪ್ ಮಾತ್ರ ಕೊಡ್ತೀನಿ. ತಂಪಿರತ್ತೆ, ಗಾಳಿ ಗುದ್ದೋದಿಲ್ಲ. ನೇರ ಹೋಗೋದು, ನೇರ ಬರೋದು. ಪ್ರಾಣಿ ಓಡಿಸೋಕೆ ಬಿಡಾರದವರ ಜೀಪಿಗೆ ಮೊದ್ಲೇ ಹೇಳಿರ್ತೀನಿ. ನಿಮಗೆ ತಿರುಗೋ ಕೆಲಸಾನೇ ಬರಲ್ಲ. ನಾನು ಸಹಿ ಹಾಕ್ತೀನಿ ರ್ರಾ. ನಿಮ್ಮನ್ನ ನೆಲದ ಮೇಲೆ ಕೂರಿಸಿದವನು ತಿರೋ ಅಂತ ಊರು ಅನ್ನೋದು ಬೇಡ."

ಬೇಡ ಎನ್ನುವುದು ಮೊಗೊಮೊಟ್ಸಿಯ ಬಾಯಿಗೆ ಬರಲಿಲ್ಲ. ಬೆಳಗಿನ ಹೊತ್ತು, ತಂಪು, ನೇರ ದಾರಿ. ಆಗುತ್ತದೆ ಅನ್ನಿಸಿತು. ಎಂಜಿನ್ನಿನ ನಡುಕ ಇನ್ನೂ ಅವನ ಹಲ್ಲಿನಲ್ಲಿ ಉಳಿದಿತ್ತು, ಅದು ಬೇಕಾಗಿತ್ತು. ಒಂದು ವರ್ಷ ಸ್ಪೀಕರಿನ ಸದ್ದು ಕೇಳಿಕೊಂಡು ಬದುಕಿದವನಿಗೆ ಇಷ್ಟನ್ನು ಯಾರಾದರೂ ಕೊಡುತ್ತೇನೆ ಎಂದರೆ ಕೈ ತಾನಾಗಿ ಚಾಚುತ್ತದೆ. ಬಲಗಡೆಯ ಸೀಟಿನ ಕಡೆಗೆ ಅವನ ಕಣ್ಣು ಹೋಯಿತು. ಅಲ್ಲಿ ಮುಂದಿನ ವಾರ ಯಾರೋ ಕ್ಯಾಮೆರಾ ಹಿಡಿದುಕೊಂಡು ಕೂತಿರುತ್ತಾರೆ. ತನ್ನ ಕೈಯಿಂದ ಹಿಡಿಕೆಯನ್ನು ಮೆಲ್ಲನೆ ತೆಗೆದುಕೊಳ್ಳಬೇಕು ಎಂದು ಅವರಿಗೆ ಗೊತ್ತಿರುವುದಿಲ್ಲ.

"ತಿರೋ," ಎಂದ. "ನಿನ್ನ ಹೆಂಡ್ತಿ ಮಕ್ಕಳನ್ನ ನನ್ನ ವಿಮಾನದಲ್ಲಿ ಕಳಿಸ್ತೀಯಾ?"

ತಿರೋಯಾಓನೆ ಮುಚ್ಚಳವನ್ನು ಮತ್ತೆ ಬಾಟಲಿಗೆ ಹಾಕಿ ಬಿಗಿ ಮಾಡಿದ, ಬಿಗಿಯಾದ ಮೇಲೂ ತಿರುವುತ್ತಲೇ ಇದ್ದ.

"ಅಷ್ಟು ಸಾಕು," ಎಂದ ಮೊಗೊಮೊಟ್ಸಿ. "ಆದದ್ದನ್ನ ಆದ ಹಾಗೇ ಬರಿ. ಎಡಗಡೆ ನೀನು ಕೂತ್ಕೋ. ತಿರುಗಿಸುವಾಗ ಮಾತ್ರ ಸ್ವಲ್ಪ ದೊಡ್ಡದಾಗಿ ತಿರುಗಿಸು, ಮಾರಾಯ."

ಮರಳುವಾಗ ಅವನು ಕಣ್ಣು ಮುಚ್ಚಿಕೊಂಡಿದ್ದ. ಕೆಳಗೆ ಅವನ ನೀರು, ಅವನ ದ್ವೀಪಗಳು ಸರಿಯುತ್ತಿದ್ದವು. ನೋಡಲಿಲ್ಲ. ನೋಡಿದರೆ ಕುತ್ತಿಗೆ ತಿರುಗಿಸಬೇಕಾಗುತ್ತಿತ್ತು.

ನಿಲ್ದಾಣದ ಬೇಲಿಯಾಚೆ ಹೆಂಡತಿ, ಮಗಳು ಕಾಯುತ್ತಿದ್ದರು. ಅವನು ಬಲಗಡೆಯಿಂದ ಇಳಿದದ್ದನ್ನು ಕೆಲೆಬೊಗಿಲೆ ಕಂಡಳು. ಒನಾಲೆನ್ನಾಳಿಗೆ ಅದು ಹೊಳೆಯಲಿಲ್ಲ. ಗೇಟಿನ ಹತ್ತಿರ ಬರುವ ಮೊದಲೇ ಅವಳು ಕೇಳಿದಳು: "ಹೇಗಿತ್ತು ಪಪ್ಪಾ? ನಮ್ದರ ಹಾಗೇ ಇತ್ತಾ?"

"ನಮ್ದರಲ್ಲಿ ನಾನು ಚೆನ್ನಾಗಿ ಹಾರಿಸ್ತೀನಿ," ಎಂದ.

ಅವಳ ಮುಖ ನಿಧಾನವಾಗಿ ಇಳಿಯಿತು. ಅಪ್ಪನಿಗೆ ಆಕಾಶವನ್ನು ವಾಪಸು ಕೊಟ್ಟೆ ಎಂದು ವರ್ಷವಿಡೀ ನಂಬಿದ್ದವಳು. "ಸೀಟಿಗೆ ಮೋಟಾರ್ ಹಾಕ್ಬಹುದು ಪಪ್ಪಾ," ಎಂದಳು. "ಅಲುಗೋ ಹಾಗೆ ಮಾಡ್ಬಹುದು. ಅಭ್ಯಾಸ ಮಾಡಿದ್ರೆ ಮುಂದಿನ ವರ್ಷ..."

"ಒನಾ," ಎಂದಳು ಕೆಲೆಬೊಗಿಲೆ.

ಪಿಕಪ್ಪಿನ ಹತ್ತಿರ ಬಂದಾಗ ಮೊಗೊಮೊಟ್ಸಿ ಚಾಲಕನ ಬಾಗಿಲನ್ನು ದಾಟಿ ಆಚೆ ಬದಿಗೆ ನಡೆದ. "ನೀನೇ ಓಡಿಸು, ಮ್ಮಾ ಒನಾ."

ಅವಳು ಯಾಕೆಂದು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು, ಒಂದು ವರ್ಷದ ಸುಳ್ಳನ್ನು ಒಂದು ಬೈಗುಳದಲ್ಲಿ ಮುಗಿಸಬಹುದಿತ್ತು. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು ಹೊರಟಳು. ಹಿಂದೆ ತೆರೆದ ತೊಟ್ಟಿಯಲ್ಲಿ ಒನಾಲೆನ್ನಾ ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

ದೊಡ್ಡ ರಸ್ತೆಯ ವೃತ್ತ ಬಂತು. ಕೆಲೆಬೊಗಿಲೆ ಎಂದಿನ ವೇಗದಲ್ಲಿ ತಿರುಗಿಸತೊಡಗಿದಳು. ಅಂಗಡಿಗಳು, ಕತ್ತೆಗಳು, ದೀಪದ ಕಂಬಗಳು ಒಂದೇ ಕಡೆಗೆ ವಾಲಿದವು. ಅವನು ಎರಡೂ ಕೈಯಿಂದ ಮುಂದಿನ ಹಲಗೆಯನ್ನು ಹಿಡಿದುಕೊಂಡ.

"ನಿಧಾನ," ಎಂದ. "ತಲೆ ಸುತ್ತುತ್ತೆ ನಂಗೆ."

ಅವಳು ವೇಗ ಇಳಿಸಿದಳು. ಹಿಂದಿನ ಲಾರಿಯವನು ಹಾರ್ನು ಒತ್ತಿಹಿಡಿದ. ಅವಳು ಅವನ ಕಡೆ ನೋಡಲೂ ಇಲ್ಲ, ಹಾಗೆಯೇ ನಿಧಾನವಾಗಿ ವೃತ್ತವನ್ನು ಸುತ್ತಿಕೊಂಡು ಮನೆಯ ದಾರಿ ಹಿಡಿದಳು.