ಐದನೆಯ ಕೋಟೆ

ನೆನೆಹಾಕಿದ ಅವರೆಕಾಳನ್ನು ಹೆಬ್ಬೆರಳಿನಿಂದ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಬೆರಳಲ್ಲೇ ಉಳಿಯುತ್ತಿತ್ತು. ನಿಶ್ಮಿತಾ ಊಟದ ಮೇಜಿನ ತುದಿಯಲ್ಲಿ ಕುಳಿತು ಒಂದೊಂದನ್ನೇ ಒತ್ತುತ್ತಿದ್ದಳು. ಅವಳ ಊರು ಕಾಪುವಿನ ಕಡೆ ಅವರೆಯನ್ನು ಹೀಗೆ ಹಿಸುಕುವ ರೂಢಿ ಇರಲಿಲ್ಲ. ಎರಡು ವರ್ಷದ ಹಿಂದೆ ದೋಹಾದ ಆಚೆಯ ಅಲ್ ಖೋರಿನ ಈ ಮನೆಗೆ ಮಗು ನೋಡಿಕೊಳ್ಳಲು ಬಂದಾಗ, ಮೈಸೂರಿನ ಚೂಡಾಮಣಿ ಅವಳಿಗೆ ಕಲಿಸಿದ ಮೊದಲ ಕೆಲಸ ಇದು.

ಮೇಜಿನ ಉಳಿದ ಜಾಗವನ್ನೆಲ್ಲ ಫ್ರಾನ್ಸ್ ತುಂಬಿತ್ತು. ಚೂಡಾಮಣಿಯ ಗಂಡ ವೆಂಕಟರಾಮು ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ಜೊತೆಯಲ್ಲಿ ಕೆಲಸ ಮಾಡುವ ಫ್ರೆಂಚಿನವನೊಬ್ಬ ಕೊಟ್ಟ ಕೋಟೆಗಳ ಪುಸ್ತಕ, ಮಡಿಕೆ ಬಿಚ್ಚಿದ ರಸ್ತೆ ನಕ್ಷೆ, ಲ್ಯಾಪ್‌ಟಾಪ್ ಎಲ್ಲವನ್ನೂ ಹರಡಿಕೊಂಡು ಅವನು ಕುಳಿತಿದ್ದ. ಶುಕ್ರವಾರ; ಊಟ ಮುಗಿದಿತ್ತು. ಜೂನ್ ಇಪ್ಪತ್ತೊಂಬತ್ತಕ್ಕೆ ಹೊರಡುವುದು, ನಾಲ್ಕು ದಿನ ಪ್ಯಾರಿಸ್, ಆಮೇಲೆ ಬಾಡಿಗೆ ಕಾರಿನಲ್ಲಿ ಕೋಟೆಗಳು. ಇವತ್ತು ಹೋಟೆಲು ಬುಕ್ ಮಾಡದಿದ್ದರೆ ವೀಸಾದ ಅರ್ಜಿ ಕೊಡುವ ಹಾಗಿರಲಿಲ್ಲ.

"ದಿನಕ್ಕೆ ಒಂದೇ ಕೋಟೆ," ಎಂದ ವೆಂಕಟರಾಮು. "ಪುಟ್ಟಿಗೆ ಕಾರಲ್ಲಿ ವಾಂತಿ ಬರತ್ತೆ. ಒಬ್ಬೊಬ್ಬರಿಗೆ ಒಂದೊಂದು ವೋಟು. ನಂದು ಶಾಂಬೋರ್. ಅಲ್ಲಿ ಒಂದು ಮೆಟ್ಟಿಲಿದೆ, ಹತ್ತೋರು ಇಳಿಯೋರು ಎದುರಿಗೇ ಸಿಕ್ಕಲ್ವಂತೆ."

"ನಮ್ಮನೇಲೇ ಇದೆಯಲ್ಲ ಅದು. ನೀವು ಬರೋ ಹೊತ್ತಿಗೆ ನಾನು ಮಲಗಿರ್ತೀನಿ," ಎಂದಳು ಚೂಡಾಮಣಿ. "ನಂಗೆ ವಿಲಾಂದ್ರಿ. ಬರೀ ತೋಟ."

"ತೋಟ ಎಲ್ಲಿ ಬಂತು? ಎಲೆಕೋಸು ಹಾಕಿದಾರೆ ನೋಡು. ಎಲೆಕೋಸು ನೋಡೋಕೆ ಫ್ರಾನ್ಸಿಗೆ ಹೋಗ್ಬೇಕೇನೆ?"

"ರೀ, ನಿಮ್ಮ ಮೆಟ್ಟಿಲಿಗೆ ನಾನೇನಾದ್ರೂ ಅಂದ್ನಾ?"

ಎಂಟನೇ ಕ್ಲಾಸಿನ ಯತಿರಾಜ್, ಕೈದಿಗಳನ್ನು ಇಡುತ್ತಿದ್ದ ಕತ್ತಲೆ ಗೋಪುರವಿರುವ ಲೋಶ್ ಬೇಕೆಂದ. "ಇಟ್ಸ್ ಎ ರಿಯಲ್ ಕೋಟೆ ಅಪ್ಪಾ, ನಿಮ್ದೆಲ್ಲ ಪ್ಯಾಲೇಸ್ ಅಷ್ಟೆ." ನಾಲ್ಕು ವರ್ಷದ ಸಹನಾ ಕುರ್ಚಿಯ ಮೇಲೆ ನಿಂತು, ಚೂಪು ಗೋಪುರಗಳ ಚಿತ್ರದ ಮೇಲೆ ಅಂಗೈ ಇಟ್ಟು "ಐಸ್‌ಕ್ರೀಮ್" ಎಂದಳು. ಅದಕ್ಕೂ ಒಂದು ವೋಟು ಬಿತ್ತು.

ನಾಲ್ಕು. ನಿಶ್ಮಿತಾ ಒಳಗೊಳಗೇ ಎಣಿಸಿದಳು. ನಾಲ್ಕಾದರೆ ಜುಲೈ ಒಂಬತ್ತು, ಬುಧವಾರ ಸಂಜೆ, ಎಲ್ಲರೂ ದೋಹಾಕ್ಕೆ ವಾಪಸು. ಸಹನಾ ಅವಳ ಕೈಯಿಂದಲ್ಲದೆ ಉಣ್ಣುತ್ತಿರಲಿಲ್ಲವಾದ್ದರಿಂದ ಅವಳೂ ಜೊತೆಗೆ ಹೋಗಬೇಕಿತ್ತು. ಗುರುವಾರ ಬೆಳಿಗ್ಗೆ ವೆಂಕಟರಾಮು ಅವಳ ಖುರೂಜಿಗೆ ಸಹಿ ಹಾಕಿದರೆ ಶುಕ್ರವಾರದ ಮಂಗಳೂರು ವಿಮಾನ ಸಿಗುತ್ತದೆ. ಕೆಲಸ ಕೊಟ್ಟವರ ಸಹಿಯಿರುವ ಆ ಕಾಗದ ಇಲ್ಲದೆ ದೇಶದಿಂದ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೆ ಏಳೇ ದಿನದ ಆಯುಸ್ಸು. ಫ್ರಾನ್ಸಿಗೆ ಹೋಗುವ ಮುಂಚೆಯೇ ಮಾಡಿಸಿಟ್ಟು ಪ್ರಯೋಜನವಿಲ್ಲ. ಶುಕ್ರವಾರ, ಶನಿವಾರ ಆ ಕಚೇರಿ ಬಾಗಿಲು ತೆಗೆಯುವುದೂ ಇಲ್ಲ.

ಹದಿಮೂರು, ಭಾನುವಾರ, ತಂಗಿ ತೃಷಾಳ ಬಯಕೆ. ಏಳು ತಿಂಗಳ ಬಸುರಿಗೆ ಗಂಡನ ಮನೆಯಲ್ಲಿ ಬಯಕೆಯ ಊಟ ಮುಗಿದ ಮೇಲೆ, ತಾಯಿ ಮನೆಯ ಹೆಂಗಸು ಅವಳಿಗೆ ಹೂ ಮುಡಿಸಿ, ಮಡಿಲು ತುಂಬಿಸಿ, ಹೆರಿಗೆಗೆ ಕರೆದುಕೊಂಡು ಹೊರಡಬೇಕು. ಅವರ ತಾಯಿ ಇರಲಿಲ್ಲ. ಚಿಕ್ಕಮ್ಮ ಪೂವಕ್ಕ ಗಂಡನನ್ನು ಕಳೆದುಕೊಂಡವಳು. ಹೂವಿನ ತಟ್ಟೆ ಹಿಡಿಯಲು ಅವಳನ್ನು ಆ ಮನೆಯವರು ಬಿಡುವುದಿಲ್ಲ. ಹೋದ ವರ್ಷ ಅದೇ ಮನೆಯ ಬಾವಿಕಟ್ಟೆಯಲ್ಲಿ ನೀರು ಹೊತ್ತು ಹೊತ್ತು ತೃಷಾಳ ಮೊದಲ ಮಗು ನಾಲ್ಕು ತಿಂಗಳಿಗೇ ಹೋಗಿತ್ತು. "ನೀನು ಬಾರದಿದ್ದರೆ ಇವರು ನನ್ನನ್ನು ಕಳಿಸುವುದಿಲ್ಲ ಅಕ್ಕ," ಎಂದು ಮೊನ್ನೆ ಫೋನಿನಲ್ಲಿ ಅವಳು ದನಿ ತಗ್ಗಿಸಿ ಹೇಳಿದ್ದಳು. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದಿತ್ತು.

"ನಾಲ್ಕು ಕೋಟೆ, ಒಂಬತ್ತಕ್ಕೆ ರಿಟರ್ನ್. ಖಲಾಸ್," ಎಂದು ವೆಂಕಟರಾಮು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಪ್ಪಾ, ನಿಶ್ಮಿತಕ್ಕಂಗೆ ವೋಟೇ ಇಲ್ವಾ?" ಎಂದ ಯತಿರಾಜ್. "ದಟ್ಸ್ ನಾಟ್ ಫೇರ್."

ಎಲ್ಲರೂ ಅವಳ ಕಡೆ ತಿರುಗಿದರು. ನಿಶ್ಮಿತಾ ಕಾಳು ಒತ್ತುವುದನ್ನು ನಿಲ್ಲಿಸಿದಳು.

"ಹೌದಲ್ಲ! ನೀನೂ ಒಂದು ಹೇಳೇ," ಎಂದಳು ಚೂಡಾಮಣಿ.

"ನನಗೆ ಬೇಡ ಅಕ್ಕ."

"ಬೇಡ ಅಂದ್ರೇನು? ನಾಚ್ಕೋಬೇಡ."

"ನಂಗೊತ್ತು ಯಾವ್ದು ಅಂತ," ಯತಿರಾಜ್ ಪುಸ್ತಕದ ಹಾಳೆ ತಿರುಗಿಸತೊಡಗಿದ. "ದಿನಾ ಟೇಬಲ್ ಒರೆಸ್ವಾಗ ಇದೊಂದೇ ಪೇಜ್ ನೋಡ್ತಿರ್ತಾಳೆ. ಐ ಸಾ ಯೂ!"

ಅವನು ತೆಗೆದದ್ದು ಸರಿಯಾದ ಹಾಳೆಯೇ. ನದಿಗೆ ಅಡ್ಡಲಾಗಿ ಕಮಾನುಗಳ ಮೇಲೆ ನಿಂತ ಬಿಳಿ ಮನೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅವಳಿಗೆ ಅದರ ಹೆಸರು ಓದಲು ಬರುತ್ತಿರಲಿಲ್ಲ. ನೀರಿನ ಮೇಲಿನದು ಎಂದು ತಾನೇ ಹೆಸರಿಟ್ಟುಕೊಂಡಿದ್ದಳು. ಅಲ್ಲಿ ವಾಸವಿದ್ದವರು ಕಿಟಕಿ ತೆರೆದರೆ ದೋಣಿಯವರೊಂದಿಗೆ ಮಾತಾಡಬಹುದಿತ್ತು ಎಂದು ಒಮ್ಮೆ ಅವಳಿಗೆ ಅನ್ನಿಸಿತ್ತು.

"ಶೆನೊನ್ಸೋ!" ಎಂದ ವೆಂಕಟರಾಮು. "ಎಲ್ಲರಿಗಿಂತ ಟೇಸ್ಟ್ ಇರೋದು ಇವಳಿಗೇ ನೋಡು. ಫ್ರೆಂಚಿನವನೂ ಇದನ್ನೇ ಮೊದಲು ಹೇಳಿದ್ದು."

"ಸರ್, ನಾಲ್ಕು ಸಾಕು," ಎಂದಳು ನಿಶ್ಮಿತಾ. ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಒಂದು ದಿನ ಜಾಸ್ತಿ ಆಗತ್ತೆ ಅಷ್ಟೆ. ಹತ್ತನೇ ತಾರೀಖು ಸಂಜೆಗೆ ಬಂದ್ರಾಯ್ತು. ಗುರುವಾರ ಒಂದು ಲೀವ್ ಹಾಕಿದ್ರೆ ಶುಕ್ರ, ಶನಿ ಹೇಗೂ ರಜ." ಅವನು ಬೆರಳಾಡಿಸುತ್ತ ಗುನುಗಿದ. ಚೂಡಾಮಣಿ ನಗುತ್ತ ನಿಶ್ಮಿತಾಳ ಬೆನ್ನು ತಟ್ಟಿದಳು. "ನಿಮ್ಮೂರಲ್ಲಿ ಯಾರಿಗಾದ್ರೂ ಹೇಳಿದ್ರೆ ನಂಬ್ತಾರೇನೇ, ಕೋಟೆ ಸೆಲೆಕ್ಟ್ ಮಾಡಿದ್ದು ನೀನು ಅಂತ?"

ಶುಕ್ರ, ಶನಿ ಆ ಕಚೇರಿಗೂ ರಜ; ಹತ್ತರ ಸಂಜೆ ಬಂದರೆ ಖುರೂಜು ಸಿಗುವುದು ಹದಿಮೂರಕ್ಕೇ. ನಿಶ್ಮಿತಾ ಎದ್ದು ನಿಂತಳು. ಸಿಪ್ಪೆ ಅಂಟಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಮುಂದೆಯೇ ಹಿಡಿದುಕೊಂಡಿದ್ದಳು.

"ಅಕ್ಕ, ಹದಿಮೂರಕ್ಕೆ ತಂಗಿಯ ಬಯಕೆ ಉಂಟಲ್ಲ. ಮಾರ್ಚಲ್ಲಿ ನಿಮ್ಮ ಹತ್ರ ಹೇಳಿದ್ದೆ. ಆಟಿಯ ಮುಂಚೆ ಅಂತ."

"ಹದಿಮೂರಾ?" ಚೂಡಾಮಣಿ ಗೋಡೆಯ ಪಂಚಾಂಗದ ಹತ್ತಿರ ಹೋಗಿ ಬೆರಳಿಟ್ಟಳು. "ಜುಲೈ ನಾಲ್ಕಕ್ಕೇ ಆಷಾಢ ಶುರು ಅಲ್ವೇನೆ. ಆಷಾಢದಲ್ಲಿ ಯಾರು ಸೀಮಂತ ಮಾಡ್ತಾರೆ? ನಮ್ಮ ಟ್ರಿಪ್ಪಿನ ಡೇಟ್ ನೋಡಿದಾಗಲೇ ಅಂದ್ಕೊಂಡೆ, ಶ್ರಾವಣಕ್ಕೆ ಹಾಕಿರ್ತಾರೆ ಅಂತ. ಆಗಸ್ಟಲ್ಲಿ ಕಳ್ಸೋಣ ಅಂತ ಇವರಿಗೂ ಹೇಳಿಟ್ಟಿದ್ದೆ."

"ನಮ್ಮಲ್ಲಿ ಆಷಾಢದ ಲೆಕ್ಕ ಇಲ್ಲ ಅಕ್ಕ. ಆಟಿ. ಆಟಿ ತಿಂಗಳು ಹಿಡಿಯುವುದು ಹದಿನೇಳಕ್ಕೆ, ಅದರಲ್ಲಿ ಶುಭಕಾರ್ಯ ಮಾಡುವುದಿಲ್ಲ. ಹದಿಮೂರು ಬಿಟ್ರೆ ಮತ್ತೆ ದಿನ ಇಲ್ಲ. ಅದು ಕಳೆಯುವಾಗ ಅವಳಿಗೆ ಒಂಬತ್ತನೇ ತಿಂಗಳು ಹಿಡೀತದೆ."

"ಬೇರೆ ಯಾರಾದ್ರೂ ಕರ್ಕೊಂಡು ಬರಲ್ವಾ?"

"ಯಾರೂ ಇಲ್ಲ."

ಇಷ್ಟು ಉದ್ದದ ಮಾತನ್ನು ಅವಳು ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ವೆಂಕಟರಾಮು ಲ್ಯಾಪ್‌ಟಾಪಿನಿಂದ ತಲೆಯೆತ್ತಿರಲಿಲ್ಲ, ಆದರೆ ಬೆರಳು ನಿಂತಿತ್ತು. ಪರದೆಯ ಮೇಲೆ ಐದು ರಾತ್ರಿಗಳ ಹೋಟೆಲಿನ ಕೆಳಗೆ ಹಸಿರು ಬಟನ್ ಇನ್ನೂ ಹಾಗೇ ಇತ್ತು. ಯತಿರಾಜ್ ಅಪ್ಪನ ಮುಖ, ಅಮ್ಮನ ಮುಖ ನೋಡಿದ. ಚೂಡಾಮಣಿ ಪಂಚಾಂಗದ ಹಾಳೆಯನ್ನು ಒಮ್ಮೆ ಎತ್ತಿ ಆಗಸ್ಟ್ ನೋಡಿದಳು, ಬಿಟ್ಟಳು. ಸಹನಾ ಮಾತ್ರ ಪುಸ್ತಕದ ಮೇಲೆ ಬಗ್ಗಿ, ನೀರಿನ ಮೇಲಿನ ಮನೆಯ ಕಿಟಕಿಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು. ಅವಳಿಗೆ ಆರರ ಮೇಲೆ ಬರುತ್ತಿರಲಿಲ್ಲ. ಆರಾದ ಮೇಲೆ ಮತ್ತೆ ಒಂದು.

"ಒಂಬತ್ತಕ್ಕೆ ವಾಪಸು ಬರುವಾ ಸರ್," ಎಂದಳು ನಿಶ್ಮಿತಾ.

ಎ.ಸಿ. ಒಮ್ಮೆ ನಿಂತು, ಮತ್ತೆ ಶುರುವಾಯಿತು. ವೆಂಕಟರಾಮು ಕನ್ನಡಕ ತೆಗೆದು, ಬನಿಯನ್ನಿನ ಅಂಚಿನಲ್ಲಿ ನಿಧಾನವಾಗಿ ಒರೆಸತೊಡಗಿದ.