ಉಣ್ಣುವವರ ಬ್ಯಾಂಕು

ದಾಂಡೇಲಿಯ ಕಾಗದ ಗಿರಣಿಯ ಹತ್ತಿರ ಇದ್ದದ್ದು ಒಂದೇ ಖಾನಾವಳಿ, ಮಹಾದೇವಕ್ಕನದು. ಗಿರಣಿಯಲ್ಲಿ ಹೊಸ ಪಾಳಿ ಶುರುವಾಗುವುದಿತ್ತು. ಉಣ್ಣಲು ಇನ್ನೂ ಅರವತ್ತು ಮಂದಿ. ಪಕ್ಕದ ಷೆಡ್ಡು ಖಾಲಿ ಬಿದ್ದಿತ್ತು. ಅಮಾವಾಸ್ಯೆಯೊಳಗೆ ಮುನ್ನೂರು ರೂಪಾಯಿ ಮುಂಗಡ ಬರದಿದ್ದರೆ ಅದು ಸೋಡಾ ಮಾರುವ ಶೌಕತನ ಪಾಲು ಎಂದು ಷೆಡ್ಡಿನವರು ಖಡಾಖಂಡಿತ ಹೇಳಿದ್ದರು.

ಹಳಿಯಾಳದ ಬ್ಯಾಂಕಿನವರು, ಮಾಲಕರು ಬೆಳಗಾವಿಯಲ್ಲಿದ್ದಾರೆ, ಕೇಳಿ ಹೇಳುತ್ತೇವೆ ಎಂದು ಎರಡು ಸಲ ತಿರುಗಿಸಿ ಕಳಿಸಿದರು. ಆಗ ಅವಳಿಗೆ ಗಿರಣಿಯ ಕೆಲಸಗಾರರೇ ಕೂಡಿ ಕಟ್ಟಿದ ಸಹಕಾರಿ ಬ್ಯಾಂಕು ನೆನಪಾಯಿತು. ಅದರ ಮಾಲಕರನ್ನು ಹುಡುಕುತ್ತ ಬೆಳಗಾವಿಗೆ ಹೋಗಬೇಕಿರಲಿಲ್ಲ. ಸಾಲ ಕಮಿಟಿಯ ಐದೂ ಮಂದಿ ದಿನಕ್ಕೆ ಎರಡು ಹೊತ್ತು ಅವಳಲ್ಲೇ ಉಣ್ಣುತ್ತಿದ್ದರು. ಎರಡು ತಿಂಗಳಿಂದ ಉದ್ರಿ, ಊಟದ ಬಾಕಿ ಒಬ್ಬರೂ ತೀರಿಸಿರಲಿಲ್ಲ. ಹತ್ತು ರೂಪಾಯಿಗೆ ಒಂದು ಶೇರು ಕೊಂಡು, ಅರ್ಜಿ ಹಾಕಿದಳು.

ಕಮಿಟಿ ಕೂಡಿದ್ದೂ ಅವಳ ಖಾನಾವಳಿಯಲ್ಲೇ, ಊಟದ ಜೊತೆಗೆ. ಗಿರಣಿಯ ಫಿಟ್ಟರ ಪರಸಪ್ಪ ಇಲ್ಲಿ ಚೇರಮನ್ನ. ತಿಂಗಳ ಪಗಾರವನ್ನು ಇಸ್ಪೀಟಿನಲ್ಲಿ ಕಳೆದು ಬರುವ ಮನುಷ್ಯ, ಬ್ಯಾಂಕಿನ ಕಾಗದ ಕೈಗೆ ಬಂದಕೂಡಲೇ ಕೆಮ್ಮುವುದನ್ನೂ ಅಳೆದು ಕೆಮ್ಮುತ್ತಿದ್ದ. ಬ್ಯಾಂಕಿನ ಕಾರಕೂನ ಅಡಿವೆಯ್ಯ ಅರ್ಜಿಯ ಮೇಲೆ ಬರೆದ ಷರಾ ಓದಿದ:

"ಅರ್ಜಿದಾರರ ಧಂದೆ ಉದ್ರಿ ಮ್ಯಾಲೆ ನಡದೈತಿ. ಉಣ್ಣಾವ್ರು ನಂಬಿಕಸ್ತರಲ್ಲ. ಸಾಲ ಕೊಟ್ರ ಧೋಕಾ ಐತಿ."

"ಯಾರ್ರೀ ಆ ಉಣ್ಣಾವ್ರು?" ಎಂದಳು ಮಹಾದೇವಕ್ಕ.

ಪರಸಪ್ಪ ಅನ್ನಕ್ಕೆ ಸಾರು ಸುರಿದುಕೊಂಡ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ಒಳಗಿನ ಸುದ್ದಿ ನಮಗ ಗೊತ್ತೈತಿ ಅಂತ ಹೇಳೂದು. ಸರಕಾರದ ಬ್ಯಾಂಕ ಆಗಿದ್ರ ಕಣ್ಣು ಮುಚ್ಚಿ ಕೊಡ್ತಿದ್ವಿ. ಇದು ನಮ್ಮ ರೊಕ್ಕ ನೋಡ್ರಿ."

ಅವಳು ಐವರ ಮುಂದಿದ್ದ ರೊಟ್ಟಿ ಬುಟ್ಟಿ ಎತ್ತಿಕೊಂಡಳು.

"ಖರೇ ಹೇಳಿದ್ರಿ. ಈ ಜ್ವಾಳಾನೂ ನನ್ನ ರೊಕ್ಕದ್ದ. ಹಿಂದಿನ ಬಾಕಿ ತೀರಿಸೇ ಇನ್ನ ತಾಟಿನ ಮುಂದ ಕುಂಡ್ರಿ."

ಮರುದಿನ ಮಧ್ಯಾಹ್ನದ ತನಕ ಕಮಿಟಿ ಚಹಾ, ಬಿಸ್ಕೀಟಿನ ಮೇಲೆ ತಾಳಿತು. ಸಂಜೆಗೆ ತುರ್ತು ಸಭೆ. ಐವರು ಸದಸ್ಯರ ಐದು ಅರ್ಜಿಗಳನ್ನು ಆ ಐವರೇ ಕೂಲಂಕಷವಾಗಿ ಪರಿಶೀಲಿಸಿ, ತಲಾ ಅರವತ್ತು ರೂಪಾಯಿಯನ್ನು ಜಾಮೀನಿಲ್ಲದೆ, ಒಮ್ಮತದಿಂದ ಮಂಜೂರು ಮಾಡಿಕೊಂಡರು. ಅಡಿವೆಯ್ಯನಿಗೆ ಷರಾ ಬರೆಯಲು ಲೇಖಣಿಯನ್ನು ಶಾಯಿಗೆ ಅದ್ದುವಷ್ಟೂ ಪುರುಸೊತ್ತು ಸಿಗಲಿಲ್ಲ.

ಬಾಕಿ ಬಂದ ಮುನ್ನೂರನ್ನೂ ಎಣಿಸಿ ಸೆರಗಿಗೆ ಕಟ್ಟಿಕೊಂಡು ಮಹಾದೇವಕ್ಕ ಐವರಿಗೂ ಬಡಿಸಿದಳು. ಕೈ ತೊಳೆದು ಬಂದ ಪರಸಪ್ಪ, ಇವತ್ತಿನ ಊಟ ಉದ್ರಿ ಬರೆದುಕೊಳ್ಳಿರಿ ಎಂದು ಹೇಳುವಷ್ಟರಲ್ಲಿ ಅವಳು ಷೆಡ್ಡಿನವರ ಮನೆಯ ದಾರಿ ಹಿಡಿದಿದ್ದಳು.