ಗಡಿಯಾಚೆಯ ನೆರಳು

ನನಗೆ ಸಿಟ್ಟು ಜಾಸ್ತಿ ಅಂತ ನನ್ನ ಹೆಂಡತಿ ಅನುಸೂಯಾ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಖರೆ ಇರಬಹುದು. ಆದರೆ ಏಳು ವರ್ಷ ತಗಡಿನ ಸಾಲಿಯಲ್ಲಿ ಮಾಸ್ತರಕಿ ಮಾಡಿದವನ ತಲೆ ತಣ್ಣಗೆ ಇರುವುದು ಹೇಗೆ ಅನ್ನುವುದನ್ನೂ ಅವಳೇ ಹೇಳಬೇಕು.

ನಾನು ನೇಮಿನಾಥ, ತೇರದಾಳದವನು. ಬನಹಟ್ಟಿಯಿಂದ ಎರಡು ಹರದಾರಿ ದೂರದ ಒಂದು ನೇಕಾರರ ಹಳ್ಳಿಗೆ ಜಮಖಂಡಿ ಸಂಸ್ಥಾನದವರು ನನ್ನನ್ನು ಹಾಕಿದ್ದರು. ಮೂವತ್ತು ಮಕ್ಕಳು, ಒಬ್ಬ ಮಾಸ್ತರ, ಒಂದು ಕೋಣೆ. ಕೋಣೆಗೆ ತಗಡಿನ ಮಾಡು, ಇದ್ದೊಂದು ಕಿಟಕಿ ಪಡುವಣಕ್ಕೆ. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಒಳಗೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಹೊರಗೆ ಕಲ್ಲುನೆಲದ ಬಯಲು. ಬಯಲಿನ ಮೂಡಣಕ್ಕೆ ಒಂದು ಗಾಡಿದಾರಿ, ದಾರಿಯ ಆಚೆ ಒಂದು ದೊಡ್ಡ ಬೇವಿನ ಗಿಡ. ಕಣ್ಣು ಹಾಯಿಸಿದಷ್ಟು ದೂರಕ್ಕೆ ನೆರಳು ಅಂತ ಇದ್ದದ್ದು ಅದೊಂದೇ.

ಈಗ ನಮ್ಮ ಪೀಡೆ ಕೇಳಿ. ಆ ಗಾಡಿದಾರಿಯೇ ಎರಡು ಸಂಸ್ಥಾನಗಳ ಗಡಿ. ಈಚೆ ಜಮಖಂಡಿ, ಆಚೆ ಮುಧೋಳ. ಸಾಲಿ ನಮ್ಮದು, ಗಿಡ ಅವರದು. ಮುಂಜಾನೆ ಆ ಗಿಡದ ನೆರಳು ದಾರಿ ದಾಟಿ ನಮ್ಮ ಬಯಲಿಗೆ ಬರುತ್ತಿತ್ತು. ನಾವು ಜಂಬದಿಂದ ಅದರಲ್ಲಿ ಕೂರುತ್ತಿದ್ದೆವು. ಹೊತ್ತು ಹೊರಳಿತೆಂದರೆ ನೆರಳು ತನ್ನ ಸಂಸ್ಥಾನಕ್ಕೆ ತಿರುಗಿ ಹೋಗುತ್ತಿತ್ತು. ಅದರ ಬೆನ್ನು ಹತ್ತಿ ಪಾಟಿ, ದಪ್ತರ, ಕರಿಹಲಗೆ ಹೊತ್ತು ನಾವೂ ಹೋಗುತ್ತಿದ್ದೆವು. ಹೀಗೆ ನನ್ನ ಮಕ್ಕಳು ಮುಂಜಾನೆ ಜಮಖಂಡಿಯಲ್ಲಿ ಮಗ್ಗಿ ಹೇಳಿ ಮಧ್ಯಾಹ್ನ ಮುಧೋಳದಲ್ಲಿ ಲೆಕ್ಕ ಬಿಡಿಸುತ್ತಿದ್ದರು. ಗಿಡ ಇದ್ದ ಹೊಲದ ಒಡೆಯ ಗಿರಿಮಲ್ಲಪ್ಪ ಒಳ್ಳೆಯವನು. "ಕುಂಡ್ರಸ್ರಿ ಮಾಸ್ತರ, ನೆರಳೇನ ಸವದ ಹೋಗ್ತೈತೇನು?" ಅಂದಿದ್ದ. ಅವನ ಬೇಟೆನಾಯಿಯೂ ಅಲ್ಲೇ ಕಾಲು ಚಾಚಿ ಮಲಗಿ ನಮ್ಮ ಮಗ್ಗಿ ಕೇಳುತ್ತಿತ್ತು.

ನಮ್ಮ ಬಯಲಲ್ಲೇ ಒಂದು ಚಪ್ಪರ ಹಾಕಿಸಿಕೊಡಿ ಅಂತ ನಾನು ಮೂರು ಸಲ ಅರ್ಜಿ ಬರೆದೆ. ಮೂರನೆಯದಕ್ಕೆ ಉತ್ತರ ಬಂತು. 'ಹಳ್ಳಿಯ ಮಕ್ಕಳಿಗೆ ಬಿಸಿಲು ರೂಢಿ ಇರುವುದರಿಂದ ಚಪ್ಪರದ ಅವಶ್ಯಕತೆ ಕಂಡುಬರುವುದಿಲ್ಲ.' ಕೆಳಗೆ ಸಾಲಿ ತಪಾಸಣೆಯ ಡೆಪ್ಯೂಟಿ ಸಾಹೇಬರ ಸಹಿ. ಆ ಕಾಗದ ಓದಿದ ದಿನ ನಾನು ಮನೆಯಲ್ಲಿ ಊಟ ಮಾಡಲಿಲ್ಲ. ಅನುಸೂಯಾ ನನ್ನ ಪಾಲಿನದನ್ನೂ ತಾನೇ ಉಂಡಳು.

ನನ್ನ ಸಾಲಿಯಲ್ಲಿ ನಾಲ್ಕನೆಯ ಇಯತ್ತೆಗೆ ಬಂದ ಒಬ್ಬಳೇ ಹುಡುಗಿ ಶೇವಂತಿ. ಒಂಬತ್ತು ವರ್ಷ, ಕಡ್ಡಿಯಂಥ ಕೈಕಾಲು. ಲೆಕ್ಕದಲ್ಲಿ ಮಾತ್ರ ಗಂಡುಹುಡುಗರ ಸೊಕ್ಕನ್ನೆಲ್ಲ ಇಳಿಸಿಬಿಡುತ್ತಿದ್ದಳು. ಹಿಂದಿನ ವರ್ಷ ಮಹಾರಾಜರ ಹುಟ್ಟುಹಬ್ಬದ ಕವಾಯತಿಗೆ ಅಂತ ನಾನೇ ಮಕ್ಕಳನ್ನು ಮಟಮಟ ಮಧ್ಯಾಹ್ನ ಬಯಲಲ್ಲಿ ನಿಲ್ಲಿಸಿದ್ದೆ. ಶೇವಂತಿ ಮೂಗಿನಿಂದ ರಕ್ತ ಸುರಿಸಿಕೊಂಡು ಬಿದ್ದಳು. ಅವಳನ್ನು ಎತ್ತಿಕೊಂಡು ಓಡಿದ್ದು ಈಗಲೂ ನೆನಪಿದೆ. ಅಷ್ಟು ಹಗುರ ಇದ್ದಳು ಆ ಹುಡುಗಿ. ತಪ್ಪು ನನ್ನದೇ, ಅದರಲ್ಲಿ ಎರಡು ಮಾತಿಲ್ಲ.

ಅವಳ ತಾಯಿ ಬನಶಂಕರಿ ಮಗ್ಗದ ಕುಣಿಯಿಂದ ಎದ್ದು ಬಂದವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾಸ್ತರ, ಬಣ್ಣಾ ಹಾಕಿದ ನೂಲನ್ನ ಸೈತ ನಾವು ನೆರಳಾಗ ಒಣಗಸ್ತೇವ್ರಿ, ಬಿಸಿಲಿಗೆ ಬಣ್ಣಾ ಹೋಗ್ತೈತಿ ಅಂತ. ಇದು ಕೂಸರಿ. ಇನ್ನೊಮ್ಮಿ ಬಿಸಲಾಗ ಕುಂಡ್ರಿಸಿದ್ದ ಕಂಡ್ರ ನಾ ಕರಕೊಂಡ ಹೋಗ್ತೇನಿ. ಪಾಟಿ ನಿಮಗ, ಮಗ್ಗದ ಕಂಡಿಕಿಗೆ ನೂಲ ಸುತ್ತೂದ ಆಕಿಗೆ."

ಹೇಳಿದ್ದನ್ನು ಮಾಡುವ ಹೆಂಗಸು ಅದು. ಅಂದಿನಿಂದ ನಾನು ನೆರಳಿನ ಚಾಕರಿ ಮಾಡತೊಡಗಿದೆ. ಪಾಠಕ್ಕಿಂತ ಹೆಚ್ಚು ನೆರಳನ್ನೇ ನೋಡುತ್ತಿದ್ದೆ. ಶೇವಂತಿ ನಾಲ್ಕನೆಯದು ಪಾಸಾದರೆ ಬನಹಟ್ಟಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಐದನೆಯದಕ್ಕೆ ಹೋಗಬಹುದಿತ್ತು. ತಂದೆ ರಾಮಲಿಂಗಪ್ಪ ಒಪ್ಪಿದ್ದ. ಬನಶಂಕರಿ ಇನ್ನೂ ಹೂಂ ಅಂದಿರಲಿಲ್ಲ.

ಪರೀಕ್ಷೆಯ ದಿನ ಬಂತು. ಮಾರ್ಚ್ ತಿಂಗಳ ಕೊನೆ. ಪರೀಕ್ಷೆ ತೆಗೆದುಕೊಳ್ಳಲು ಡೆಪ್ಯೂಟಿ ಸಾಹೇಬರು ಸ್ವತಃ ಬರುವವರಿದ್ದರು. ಮುಂಜಾನೆ ಎಂಟಕ್ಕೆ ಟಾಂಗಾ ಬಂತು. ಆಗ ನೆರಳು ನಮ್ಮ ಬಯಲಲ್ಲೇ ತಂಪಾಗಿ ಬಿದ್ದಿತ್ತು. ನಾನು ಮಕ್ಕಳನ್ನು ಸಾಲಾಗಿ ಕೂರಿಸಿ ಕಾದೆ. ಟಾಂಗಾ ಸಾಲಿಯ ಮುಂದಿನಿಂದ ಹಾದು ಗೌಡರ ಮನೆಗೆ ಹೋಯಿತು. ಸಾಹೇಬರಿಗೆ ಅಲ್ಲಿ ಹೋಳಿಗೆ ಊಟ, ಊಟದ ಮೇಲೆ ನಿದ್ದೆ. ನೆರಳು ಎಷ್ಟು ಹೊತ್ತು ಕಾದೀತು? ಅದು ದಾರಿ ದಾಟಿತು. ನಾವೂ ದಾಟಿದೆವು.

ಎರಡೂವರೆಗೆ ಸಾಹೇಬರು ಬಂದರು. ಮುಚ್ಚುಕೊರಳಿನ ಕೋಟು, ಜರಿ ಅಂಚಿನ ರುಮಾಲು. ಖಾಲಿ ಬಯಲಲ್ಲಿ ನಿಂತು ನಮ್ಮ ಕಡೆ ನೋಡಿದರು.

"ಏನ್ರೀ ಮಾಸ್ತರ, ಸಾಲಿ ಎಲ್ಲದ?"

"ಇಲ್ಲೇ ಐತ್ರಿ ಸಾಹೇಬರ, ನೆರಳಾಗ."

"ಅದು ಯಾವ ಸಂಸ್ಥಾನದ ಹದ್ದು?"

ನಾನು ತಲೆ ಕೆರೆದುಕೊಂಡೆ. ಹೇಳಲೇಬೇಕಾಯಿತು. ಸಾಹೇಬರ ಮೀಸೆ ಕುಣಿಯಿತು. ಜಮಖಂಡಿಯ ಸಾಲಿ ಪರಸಂಸ್ಥಾನದಲ್ಲಿ ನಡೆಯುವುದೆಂದರೇನು, ಅಲ್ಲಿ ಬರೆದ ಪರೀಕ್ಷೆ ಪರೀಕ್ಷೆಯೇ ಅಲ್ಲ, ಎಲ್ಲರೂ ಈಚೆ ಬರಬೇಕು, ಇಲ್ಲದಿದ್ದರೆ ಮೂವತ್ತೂ ಮಕ್ಕಳು ಗೈರುಹಾಜರು ಅಂತ ಬರೆಯುತ್ತೇನೆ ಎಂದರು. ಕೋಣೆಯೊಳಗೆ ಕೂರಿಸೋಣ ಅಂತ ಒಮ್ಮೆ ಒಳಗೆ ಇಣುಕಿದರು. ಇಣುಕಿದಷ್ಟೇ ಬೇಗ ಹೊರಗೆ ಬಂದರು.

ಹೀಗೆ ಮೂವತ್ತು ಮಕ್ಕಳು ಸುಡುವ ಬಯಲಲ್ಲಿ ಕೂತರು. ಪಡುವಣದ ಬಿಸಿಲು ನೇರ ಬೆನ್ನಿಗೆ. ಪುಟ್ಟವರು ಪಾಟಿಯನ್ನು ತಲೆಯ ಮೇಲೆ ಇಟ್ಟುಕೊಂಡರು. ಬರೆಯಿರಿ ಅಂದಾಗ ಪಾಟಿ ಕೆಳಗೆ ಬಂತು, ಬಿಸಿಲು ತಲೆಗೆ ಬಂತು. ಸಾಹೇಬರ ಜವಾನ, ಪಟ್ಟೇವಾಲಾ ದಶರಥ ಮಾತ್ರ ತನ್ನ ಕೆಲಸ ಬಲ್ಲವನು. ಗೌಡರ ಮನೆಯಿಂದ ತಂದ ಕುರ್ಚಿಯನ್ನು ಬೇವಿನ ಬುಡಕ್ಕೆ, ತಣ್ಣನೆಯ ನೆರಳಿಗೆ ಹಾಕಿದ. ಸಾಹೇಬರು ಅಲ್ಲಿ ಕೂತು, ದಾರಿಯಾಚೆಯಿಂದ ಕೂಗಿ ಕೂಗಿ ಲೆಕ್ಕ ಹೇಳತೊಡಗಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ನೌಕರಿ ಹೋದೀತು ಅನ್ನುವ ಅಂಜಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಕೈ ಜೋಡಿಸಿಕೊಂಡು ಹೋಗಿ ನಿಂತೆ.

"ಸಾಹೇಬರ, ಒಂದ ಮಾತ್ರಿ. ತಾವು ಈಗ ಮುಧೋಳದಾಗ ಕುಂತೀರಿ. ಪರಸಂಸ್ಥಾನದಾಗ ಕುಂತು ಪರೀಕ್ಷಾ ತಗೊಂಡ್ರು ಅಂತ ನಾಳೆ ಯಾರರ ತಕರಾರು ತಗದ್ರ, ತ್ರಾಸು ತಮಗರಿ. ನನಗ ತಮ್ಮದಽ ಕಾಳಜಿ."

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ನೆಲ ನೋಡಿದೆ. ಗಿರಿಮಲ್ಲಪ್ಪನ ನಾಯಿ ಎದ್ದು ಮೈ ಮುರಿದು ಮತ್ತೆ ಮಲಗಿತು. ಸಾಹೇಬರು ದಶರಥನಿಗೆ ಕೈ ಸನ್ನೆ ಮಾಡಿದರು. ಕುರ್ಚಿ ದಾರಿ ದಾಟಿ ಬಿಸಿಲಿಗೆ ಬಂತು. ಮನುಷ್ಯ ಸಿಡುಕ, ಆದರೆ ಮಾನವಂತ. ತಾನು ಹೇಳಿದ ಕಾಯ್ದೆಗೆ ತಾನೂ ಬಗ್ಗಿದ.

ಹತ್ತು ನಿಮಿಷದಲ್ಲಿ ಕೋಟಿನ ಬೆನ್ನು ಒದ್ದೆಯಾಯಿತು. ರುಮಾಲಿನ ಕೆಳಗಿಂದ ಬೆವರು ಮೀಸೆಗೆ ಇಳಿಯಿತು. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು, ಆಗಲಿಲ್ಲ. ನಾನು ಶೇವಂತಿಯ ಮೂಗನ್ನೇ ನೋಡುತ್ತಿದ್ದೆ. ಅವಳ ಮುಖ ಕೆಂಪಾಗಿತ್ತು. ಎರಡು ಸಲ ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದಳು. ಬಳಪ ಹಿಡಿದ ಕೈಯಿಂದ ಹಣೆ ಒರೆಸಿಕೊಂಡಳು, ಹಣೆಗೆಲ್ಲ ಬಿಳಿ ಬಳಿದುಕೊಂಡಿತು. ಎದ್ದು ನೆರಳಿಗೆ ಹೋಗವ್ವಾ ಅನ್ನಲು ಬಾಯಿ ತೆರೆದೆ. ಎದ್ದರೆ ನಪಾಸು.

ಆಗ ಊರ ಕಡೆಯಿಂದ ಬನಶಂಕರಿ ಬರುವುದು ಕಂಡಿತು. ಬಾವಿಗೆ ಹೋದವರು ಯಾರೋ ಸುದ್ದಿ ಮುಟ್ಟಿಸಿದ್ದರು. ಬಿರಬಿರನೆ ಬಂದಳು, ಸೀರೆಗೆ ನೂಲಿನ ಎಳೆ ಇನ್ನೂ ಅಂಟಿಕೊಂಡಿತ್ತು. ಸಾಹೇಬರು ಇದ್ದಾರೆ ಅಂತ ತಲೆಯ ತುಂಬ ಸೆರಗು. ನನ್ನ ಕಡೆ ನೋಡಲೂ ಇಲ್ಲ. ಎಲ್ಲ ಮುಗಿಯಿತು ಅಂದುಕೊಂಡೆ. ಮಗಳ ಹತ್ತಿರ ಹೋಗಿ ತೋಳು ಹಿಡಿದಳು.

"ಏಳು."

ಶೇವಂತಿ ತಲೆ ಎತ್ತಲಿಲ್ಲ. "ಯವ್ವಾ, ಇನ್ನ ಎರಡ ಲೆಕ್ಕಾ ಉಳದಾವು" ಅಂದಳು. ಅಳು ಇರಲಿಲ್ಲ ಆ ಮಾತಿನಲ್ಲಿ. ಒಲೆಯ ಮೇಲೆ ರೊಟ್ಟಿ ಇದೆ, ತಾಳು ಅನ್ನುವಂತೆ ಹೇಳಿದಳು.

ಬನಶಂಕರಿ ತೋಳು ಬಿಟ್ಟಳು. ಪಾಟಿ ನೋಡಿದಳು, ಬಿಸಿಲು ನೋಡಿದಳು, ಬೆವರು ಒರೆಸಿಕೊಳ್ಳುತ್ತಿದ್ದ ಸಾಹೇಬರನ್ನು ನೋಡಿದಳು. ಆಮೇಲೆ ಮಗಳ ಹಿಂದೆ, ಪಡುವಣದ ಮಗ್ಗುಲಿಗೆ ಹೋಗಿ ನಿಂತಳು. ದೊಡ್ಡ ಅಧಿಕಾರಿಯ ಎದುರಿಗೆ ತಲೆಯ ಮೇಲಿನ ಸೆರಗು ತೆಗೆದಳು. ಎರಡೂ ಕೈಯಲ್ಲಿ ಅದನ್ನು ಅಗಲವಾಗಿ ಹಿಡಿದು ಮಗಳ ಮೇಲೆ ಎತ್ತಿದಳು. ಪಾಟಿಯ ಮೇಲೆ ನೆರಳು ಬಿತ್ತು. ಆ ಊರಲ್ಲಿ ಹೆಂಗಸರು ಗೌಡರ ಎದುರಿಗೆ ಸಹ ತಲೆ ಬಿಟ್ಟುಕೊಂಡು ನಿಂತದ್ದನ್ನು ನಾನು ಕಂಡಿರಲಿಲ್ಲ.

"ಏಯ್, ಯಾರವ್ವಾ ನೀನು?" ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. "ಪರೀಕ್ಷಾದಾಗ ಹೊರಗಿನವರು ಮಕ್ಕಳ ಹತ್ರ ನಿಂದರಬಾರದು. ಉತ್ತರ ಹೇಳಿಕೊಟ್ರ?"

"ನನಗ ಒಂದ ಅಕ್ಷರ ಬರೂದಿಲ್ರಿ ಸಾಹೇಬರ" ಅಂದಳು ಬನಶಂಕರಿ. "ಏನ್ ಹೇಳಿಕೊಡ್ಲಿ?"

ಅವಳು ಅದನ್ನು ಎದುರುತ್ತರ ಕೊಡಬೇಕೆಂದು ಹೇಳಲಿಲ್ಲ. ಕೇಳಿದರು, ಹೇಳಿದಳು, ಅಷ್ಟೇ. ನಾನಾದರೋ ಆ ಊರಲ್ಲಿ ಏಳು ವರ್ಷ ಕಳೆದಿದ್ದೆ, ಆ ತಾಯಂದಿರಲ್ಲಿ ಒಬ್ಬಳಿಗಾದರೂ ಅಕ್ಷರ ಬರುತ್ತದೆಯೋ ಇಲ್ಲವೋ ಅಂತ ಒಂದು ದಿನವೂ ಕೇಳಿರಲಿಲ್ಲ. ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತರು.

ಅವಳ ಹಿಂದೆಯೇ ಬಂದಿದ್ದ ಹೆಂಗಸರು ದಾರಿಯಲ್ಲಿ ನಿಂತು ನೋಡುತ್ತಿದ್ದರು. ಮೊದಲು ಒಬ್ಬಳು, ಆಮೇಲೆ ಇಬ್ಬರು, ಆಮೇಲೆ ಲೆಕ್ಕವಿಲ್ಲ. ತಮ್ಮ ಮಕ್ಕಳು ಯಾರು, ಪರರ ಮಕ್ಕಳು ಯಾರು ಅಂತ ನೋಡದೆ ಸಾಲಿನ ಹಿಂದೆ ಸಾಲು ನಿಂತು ಸೆರಗು ಎತ್ತಿದರು. ಎಲ್ಲರಿಗಿಂತ ಹಿರಿಯಳಾದ ಬಾಳವ್ವನಿಗೆ ನೆರಳು ಹಿಡಿಯಲು ಮಗು ಯಾವುದೂ ಉಳಿದಿರಲಿಲ್ಲ. ಎಂಬತ್ತರ ಮುದುಕಿ ಕೋಲೂರಿಕೊಂಡು ಹೋಗಿ ನೇರ ಸಾಹೇಬರ ಕುರ್ಚಿಯ ಮಗ್ಗುಲಿಗೆ ನಿಂತಳು. ಕೋಲಿಗೆ ಸೆರಗು ಸಿಕ್ಕಿಸಿ ಅವರ ತಲೆಯ ಮೇಲೆ ಹಿಡಿದಳು.

"ಬ್ಯಾಡವ್ವಾ" ಅಂದರು ಸಾಹೇಬರು.

"ಸುಮ್ಮನ ಕುಂಡ್ರಪಾ" ಅಂದಳು ಮುದುಕಿ. "ನಿನಗೂ ತಾಯಿ ಅದಾಳಲ್ಲ."

ಸಾಹೇಬರು ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಉಳಿದ ಲೆಕ್ಕಗಳನ್ನು ಕೂಗದೆ ಮೆಲ್ಲಗೆ ಹೇಳಿದರು, ಎಲ್ಲರಿಗೂ ಕೇಳಿಸಿತು.

ನಾಲ್ಕೂವರೆಗೆ ಎಲ್ಲ ಮುಗಿಯಿತು. ಹೋಗುವ ಮೊದಲು ಅವರು ಭೇಟಿಯ ಪುಸ್ತಕ ತರಿಸಿ ಬರೆದರು. ನಾನು ಮಗ್ಗುಲಿಗೆ ನಿಂತು ಕದ್ದು ಓದಿದೆ. ಮಳೆಗಾಲದೊಳಗೆ ಚಪ್ಪರ ಆಗತಕ್ಕದ್ದು, ಬೇಸಿಗೆಯಲ್ಲಿ ಪರೀಕ್ಷೆಯನ್ನು ಮುಂಜಾನೆಯೇ ತೆಗೆದುಕೊಳ್ಳತಕ್ಕದ್ದು. ಆಮೇಲೆ ನಾಲ್ಕನೆಯ ಇಯತ್ತೆಯ ಹೆಸರು ಓದಿದರು. ಐವರಲ್ಲಿ ನಾಲ್ವರು ಪಾಸು. ಶೇವಂತಿಯ ಹೆಸರು ಮೊದಲನೆಯದು, ಲೆಕ್ಕದಲ್ಲಿ ಒಂದೂ ತಪ್ಪಿಲ್ಲ.

ಮಕ್ಕಳು ಕೇಕೆ ಹಾಕಿಕೊಂಡು ನೆರಳಿಗೆ, ಅಂದರೆ ಮುಧೋಳಕ್ಕೆ ಓಡಿದರು. ಹೆಂಗಸರು ಸೆರಗು ಸರಿಮಾಡಿಕೊಂಡು ಮನೆಗೆ ಹೊರಟರು. ಬನಶಂಕರಿ ಹೊರಡಲಿಲ್ಲ. ತಲೆಯ ಮೇಲೆ ಮತ್ತೆ ಸೆರಗು ಹೊದ್ದು, ಟಾಂಗಾ ಹತ್ತುತ್ತಿದ್ದ ಸಾಹೇಬರ ಹತ್ತಿರ ಹೋಗಿ ನಿಂತಳು.

"ಸಾಹೇಬರ, ಐದನೇದ್ದು ಬನಹಟ್ಟ್ಯಾಗ ಅಂತ್ರಿ."

"ಹೌದವ್ವಾ."

"ಆ ಸಾಲ್ಯಾಗ ನೆರಳ ಐತೇನ್ರಿ?"